ಬೆಟ್ಟದ ಮಳೆ, ಬಯಲಿನ ನೆರೆ

(ಸಂಘದ ಯುವ ವಿಭಾಗದ ಮಳೆಗಾಲದ ಚಾರಣಕ್ಕೆ ಮುನ್ನ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಒಂದೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳಲು ಬಂದಿದ್ದೇನೆ: ಬೆಟ್ಟದ ನೆರೆಗೆ ನಾವು ನಿಂತಲ್ಲಿ ಮಳೆ ಸುರಿಯಬೇಕೆಂದಿಲ್ಲ, ನಮ್ಮ ಕಣ್ಣಿಗೆ ಬೀಳದೆಡೆ ಸುರಿದರೂ ಸಾಕು.

ಈ ಪಾಠವನ್ನು ನಾನು ಕಲಿತದ್ದು 2005ರ ಜುಲೈ 26ರಂದು. ಫೋರ್ಟ್ ಭಾಗದ ನನ್ನ ಕಚೇರಿಯ ಕಿಟಕಿಯಾಚೆ ಎಂದಿನ ಮಳೆ. ಕಲೀನಾದ ಮನೆಯಿಂದ ಪತ್ನಿ ದೂರವಾಣಿ ಮಾಡಿ, ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿದೆಯೆಂದಾಗ ನಾನು ನಕ್ಕುಬಿಟ್ಟೆ. ಆ 24 ಗಂಟೆಗಳಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್, ಸಾಂತಾಕ್ರೂಜಿನಲ್ಲಿ 944! ಎಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ 944 ಲೀಟರ್ ನೀರು. ವಿಹಾರ, ಪವಾಯಿ ಕೆರೆಗಳ ಕೋಡಿಯಿಂದ ಇಳಿದುಬರುವ ಮಿಠಿ ನದಿಗೆ ಕಡಲಿನ ಉಬ್ಬರವೂ ಅಡ್ಡವಾಗಿ, ಕುರ್ಲಾ, ಕಲೀನಾಗಳು ಮುಳುಗಿದವು.

ಸಾಯನ್‌ನಲ್ಲಿ ರೈಲು ನಿಂತಿತು. ಅಲ್ಲಿಂದ ನಡೆದುಬಂದ ನಾನು ಕುರ್ಲಾದಲ್ಲಿ ನೀರಿಗಿಳಿಯಲು ಹೊರಟಾಗ ಉಡುಪಿ ಹೋಟೆಲಿನ ಹುಡುಗನೊಬ್ಬ ತೋಳು ಹಿಡಿದು, "ಬೇಡ ಮಾರಾಯ್ರೇ, ಅಡಿಯಲ್ಲಿ ಗಟಾರದ ಮುಚ್ಚಳ ಇಲ್ಲ" ಎಂದ. ಈಜು ಬಲ್ಲೆನೆಂಬ ಹಮ್ಮು ನನಗಿತ್ತು. ಆದರೂ ಅವನು ಕೈ ಬಿಡಲಿಲ್ಲ. ಆ ರಾತ್ರಿ ಹೋಟೆಲಿನ ಅಟ್ಟದಲ್ಲಿ ಕಳೆದೆ. ಪತ್ನಿಯೂ ಮಗುವೂ ಮೇಲಿನ ಮಹಡಿಯವರ ಮನೆಯಲ್ಲಿ ಕ್ಷೇಮವಾಗಿದ್ದರೆಂಬುದು ತಿಳಿದದ್ದು ಮರುದಿನ.

ಊರಿಗೆ ಹೋಗುವ ನಮ್ಮ ದಾರಿಯಲ್ಲೂ ಇದೇ ಕಥೆ. ಸಾವಿತ್ರಿ ನದಿ ಹುಟ್ಟುವುದು ಮಹಾಬಳೇಶ್ವರದ ಎತ್ತರದಲ್ಲಿ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಅದರ ಹಳೆಯ ಸೇತುವೆ ಕೊಚ್ಚಿಹೋಗಿ, ಎರಡು ಸಾರಿಗೆ ಬಸ್ಸುಗಳು ಪ್ರವಾಹದ ಪಾಲಾದವು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ ವಿಹಾರಕ್ಕೆ ಬಂದಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಒಬ್ಬರನ್ನೊಬ್ಬರು ತಬ್ಬಿ ನಿಂತರೂ ನೀರಿನ ರಭಸಕ್ಕೆ ಅದು ಸಾಲದಾಯಿತು.

ಆದುದರಿಂದ ಹೊರಡುವ ಮುನ್ನ ಮುಂಬಯಿಯ ಆಕಾಶವನ್ನಲ್ಲ, ಘಟ್ಟದ ಹವಾಮಾನ ಸೂಚನೆಯನ್ನು ನೋಡಿರಿ. ಕೆಂಪು ಎಚ್ಚರಿಕೆಯಿದ್ದರೆ ಪ್ರವಾಸವನ್ನು ಮುಂದೂಡಿರಿ. ತೊರೆಯ ತಿಳಿನೀರು ಒಮ್ಮೆಲೇ ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಮೇಲಿನಿಂದ ಮೊರೆತ ಕೇಳಿದರೆ ಆ ಕ್ಷಣವೇ ಮೇಲೇಳಿರಿ. ನೀರು ಇದ್ದಕ್ಕಿದ್ದಂತೆ ಇಳಿದರೂ ಹಿಗ್ಗಬೇಡಿರಿ. ಮೇಲೆ ಮಣ್ಣೋ ಮರವೋ ಅಡ್ಡಬಿದ್ದು ನೀರು ಕಟ್ಟಿಕೊಂಡಿರಬಹುದು. ಚೀಲಕ್ಕಾಗಿ ತಡೆಯಬೇಡಿರಿ. ತೊರೆಯ ಗುಂಟ ಕೆಳಗೆ ಓಡದೆ, ಪಕ್ಕದ ಏರನ್ನು ಹತ್ತಿರಿ. ಆಚೆ ದಡದಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಕಾಯಿರಿ. ಬೆಟ್ಟದ ತೊರೆ ಏರುವಷ್ಟೇ ಬೇಗ ಇಳಿಯುವುದೂ ಉಂಟು. ಒಂದು ರಾತ್ರಿಯ ಹಸಿವಿನಿಂದ ಯಾರೂ ಸಾಯುವುದಿಲ್ಲ. ರಭಸದ ನೀರು ಕೇವಲ 15 ಸೆಂಟಿಮೀಟರ್ ಇದ್ದರೂ ಆಳನ್ನು ಕೆಡವಬಲ್ಲುದು. 30 ಸೆಂಟಿಮೀಟರಿನಲ್ಲಿ ಸಣ್ಣ ಕಾರು ತೇಲಬಹುದು. 2005ರಲ್ಲಿ ಕಾರಿನೊಳಗೆ ಸಿಕ್ಕಿಕೊಂಡೇ ಅಸುನೀಗಿದವರಿದ್ದರೆಂಬುದನ್ನು ಮರೆಯಲಾಗದು.

ಇನ್ನೊಂದು ಮಾತು ಹಿರಿಯರಿಗೆ. ನಾವು ವಿಹಾರಕ್ಕೆಂದು ಬೆಟ್ಟಕ್ಕೆ ಹೋಗುತ್ತೇವೆ. ಈ ನಗರದಲ್ಲಿ ಬೆಟ್ಟದ ಇಳಿಜಾರಿನಲ್ಲಿಯೇ ಬಾಳುವವರಿದ್ದಾರೆ. 2019ರ ಜುಲೈ 2ರ ನಸುಕಿನಲ್ಲಿ ಮಲಾಡಿನ ಪಿಂಪ್ರಿಪಾಡಾದಲ್ಲಿ ಜಲಾಶಯದ ಆವರಣಗೋಡೆ ಕುಸಿದು ಗುಡಿಸಲುಗಳ ಮೇಲೆ ಎರಗಿತು. 2021ರ ಜುಲೈ 18ರಂದು ಚೆಂಬೂರು, ವಿಕ್ರೋಳಿಗಳಲ್ಲಿ ನಿದ್ದೆಯಲ್ಲಿದ್ದವರೇ ಮಣ್ಣಿನಡಿಯಾದರು. ಇಳಿಜಾರಿನಲ್ಲಿ ಮನೆ ಕಟ್ಟಿದವರು ತಿಳಿಯದೆ ಕಟ್ಟಿದವರಲ್ಲ. ಬೇರೆ ನೆಲ ಕೈಗೆಟುಕದೆ ಕಟ್ಟಿದವರು. ಕಲಬುರಗಿ, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮವರೂ ಇಂಥ ವಸತಿಗಳಲ್ಲಿದ್ದಾರೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಕಂಬ, ಬಿಗಿದುಕೊಂಡ ಬಾಗಿಲು, ಗುಡ್ಡದಿಂದ ಒಸರುವ ಕೆಸರುನೀರು: ಇವು ಮನೆ ಬಿಡಬೇಕೆಂಬ ಸೂಚನೆಗಳು. ಇದನ್ನು ಅವರ ನುಡಿಯಲ್ಲೇ ಅವರಿಗೆ ತಲುಪಿಸುವವರಾರು?

ಸಂಘದ ಮುಂದೆ ನನ್ನ ವಿನಂತಿ ಇಷ್ಟೆ. ಕೆಂಪು ಎಚ್ಚರಿಕೆಯ ಸಂಜೆ ಆ ಸೂಚನೆಯನ್ನು ಕನ್ನಡಿಸಿ ಆ ಬಂಧುಗಳಿಗೆ ಮುಟ್ಟಿಸೋಣ. ಮಹಾನಗರಪಾಲಿಕೆಯ ಸಹಾಯವಾಣಿ 1916ನ್ನು ಅವರಿಗೆ ಬಾಯಿಪಾಠ ಮಾಡಿಸೋಣ. ಅಂಥ ರಾತ್ರಿ ನಮ್ಮ ಈ ಸಭಾಂಗಣದ ಬಾಗಿಲು ತೆರೆದಿರಲಿ. ಕನ್ನಡದ ಕೆಲಸವೆಂದರೆ ರಾಜ್ಯೋತ್ಸವವೊಂದೇ ಅಲ್ಲ. ಅಂದು ನನ್ನ ತೋಳು ಹಿಡಿದ ಹುಡುಗನ ಹೆಸರನ್ನೂ ನಾನು ಕೇಳಲಿಲ್ಲ. ಅವನ ಋಣವನ್ನು ತೀರಿಸಲು ನನಗೆ ತೋಚಿದ ದಾರಿ ಇದು.

ಹೋಗಿಬನ್ನಿರಿ, ಎಲ್ಲರೂ ಹಿಂದಿರುಗಿ ಬನ್ನಿರಿ.