‘ಮುಂದಕ್ಕ ಒಯ್ರಿ’



ಇವತ್ತು ರಾಜಕೀಯ ಬೇಡ. ನಮ್ಮೂರಿನ ಒಂದು ಮಾತು ಹೇಳ್ತೀನಿ. ಧಾರವಾಡ ಜಿಲ್ಲೆ, ಕುಂದಗೋಳ ತಾಲೂಕು, ಕುಬಿಹಾಳ. ಎರಿ ಹೊಲ, ಹತ್ತಿ, ಮೆಣಸಿನಕಾಯಿ. ನಮ್ಮ ಕಾಕಾ ಅಲ್ಲೇ ಒಕ್ಕಲುತನ ಮಾಡ್ಕೊಂಡಿದ್ರು. ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ, ಊರಿಗೆ ಹೋಗಿದ್ದ ಒಂದು ದಿನ, ಅವರು ಮೆಣಸಿನ ಗಿಡಕ್ಕೆ ಎಣ್ಣೆ ಹೊಡೀತಿದ್ರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಾರೆ. ಹೊಲದಲ್ಲೇ ಕುಸಿದು ಬಿದ್ದರು. ಬಾಯಲ್ಲಿ ಬುರುಗು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ ಸದ್ದು.

ಟಂಟಂನಲ್ಲಿ ಮಲಗಿಸಿಕೊಂಡು ಒಂದು ಆಸ್ಪತ್ರೆಗೆ ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರ್ ನನಗಿಂತ ಎರಡ್ಮೂರು ವರ್ಷ ದೊಡ್ಡವರಿರಬೇಕು, ಅಷ್ಟೇ. ಸ್ಟೆತಸ್ಕೋಪ್ ಇಟ್ಟರು, ತೆಗೆದರು. ಅವರ ಕೈ ನಡುಗ್ತಿತ್ತು. ‘ಇಲ್ಲಿ ಆಗೂದಿಲ್ರಿ. ಮುಂದಕ್ಕ ಒಯ್ರಿ’ ಅಂದರು. ಒಂದು ಇಂಜೆಕ್ಷನ್ ಇಲ್ಲ, ಆಕ್ಸಿಜನ್ ಇಲ್ಲ. ಹುಬ್ಬಳ್ಳಿ ಮುಟ್ಟುವುದರೊಳಗೆ ಕಾಕಾ ತೀರಿಕೊಂಡಿದ್ದರು.

ಆ ಡಾಕ್ಟರ್ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು ನನಗೆ. ಈ ಕೆಲಸಕ್ಕೆ ಬಂದು ಹತ್ತಾರು ಆಸ್ಪತ್ರೆ ಸುತ್ತಿದ ಮೇಲೆ ಬೇರೆಯದೇ ಪ್ರಶ್ನೆ ಕಾಡೋಕೆ ಶುರುವಾಯ್ತು. ಆ ಹುಡುಗನಿಗೆ ಈ ಕೆಲಸ ಕಲಿಸಿದವರು ಯಾರು?

ಎಂಬಿಬಿಎಸ್‌ನಲ್ಲಿ ಕಲಿಸೋ ಕ್ರಮ ಇದು: ರೋಗಿಯನ್ನ ವಿಚಾರಿಸು, ಪರೀಕ್ಷೆ ಮಾಡು, ಕಾಯಿಲೆ ಏನು ಅಂತ ಕಂಡುಹಿಡಿ, ಆಮೇಲೆ ಚಿಕಿತ್ಸೆ. ತುರ್ತು ಚಿಕಿತ್ಸೆಯಲ್ಲಿ ಈ ಕ್ರಮವೇ ತಿರುಗುಮುರುಗು. ಮೊದಲು ಉಸಿರಾಟದ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತದ ಓಟ. ಜೀವ ನಿಲ್ಲಿಸಿಕೊಂಡು, ನಂತರ ಕಾಯಿಲೆಯ ಹೆಸರು ಹುಡುಕಬೇಕು. ಇಂಜಿನಿಯರಿಂಗ್ ಓದಿದವನಾಗಿ ನನಗೆ ಇದು ತಕ್ಷಣ ಅರ್ಥ ಆಗುತ್ತೆ. ಪ್ಲಾಂಟ್‌ನಲ್ಲಿ ಬೆಂಕಿ ಬಿದ್ದಾಗ ಯಾಕೆ ಬಿತ್ತು ಅಂತ ರಿಪೋರ್ಟ್ ಬರೀತಾ ಕೂರಲ್ಲ.

ಈ ತಿರುಗುಮುರುಗು ಕ್ರಮವನ್ನ ಕೈಗೆ ಹತ್ತಿಸೋದಕ್ಕೇ ಇರೋದು ಎಮರ್ಜೆನ್ಸಿ ಮೆಡಿಸಿನ್ ಎಂಡಿ. ಮೂರು ವರ್ಷದ ರೆಸಿಡೆನ್ಸಿ. ಒಮ್ಮೆಗೇ ಹತ್ತು ಜನ ಗಾಯಾಳುಗಳು ಬಂದ್ರೆ ಯಾರನ್ನ ಮೊದಲು ನೋಡ್ಬೇಕು, ಗಂಟಲಿಗೆ ಟ್ಯೂಬ್ ಹೇಗೆ ಹಾಕ್ಬೇಕು, ಹೊಟ್ಟೆಯೊಳಗೆ ರಕ್ತ ಸೋರ್ತಿದೆಯಾ ಅಂತ ಅಲ್ಟ್ರಾಸೌಂಡ್‌ನಲ್ಲಿ ಹೇಗೆ ನೋಡ್ಬೇಕು, ಎಲ್ಲ ಅಲ್ಲಿ ಕಲೀತಾರೆ. ಮೊದಲು ಗೊಂಬೆ ಮೇಲೆ, ಆಮೇಲೆ ಹಿರಿಯ ವೈದ್ಯರು ಪಕ್ಕದಲ್ಲಿ ನಿಂತಿರುವಾಗ ರೋಗಿಯ ಮೇಲೆ. ‘ಉಳಿಸಿಕೊಳ್ಳೋಕೆ ಆಗಲಿಲ್ಲ’ ಅಂತ ಮನೆಯವರಿಗೆ ಹೇಳೋದನ್ನೂ ಕಲೀತಾರೆ.

ನಮ್ಮ ಕಾಕಾನ ಉದಾಹರಣೆಯನ್ನೇ ತಗೊಳ್ಳಿ. ಇಂಥ ಆರ್ಗನೋಫಾಸ್ಫೇಟ್ ವಿಷಕ್ಕೆ ಆಟ್ರೋಪಿನ್ ಅನ್ನೋ ಹಳೇ ಔಷಧಿ ಇದೆ. ದುಬಾರಿಯೇನಲ್ಲ. ಐದೈದು ನಿಮಿಷಕ್ಕೆ ಎದೆ ಪರೀಕ್ಷಿಸಬೇಕು. ಗೊರಗೊರ ಕಡಿಮೆ ಆಗದಿದ್ರೆ ಡೋಸ್ ದುಪ್ಪಟ್ಟು. ಮತ್ತೆ ದುಪ್ಪಟ್ಟು. ಈ ಸಾಲು ಪುಸ್ತಕದಲ್ಲಿದೆ, ಪ್ರತಿ ಡಾಕ್ಟರೂ ಓದಿರ್ತಾರೆ. ಆದರೆ ಸುತ್ತ ಇಪ್ಪತ್ತು ಜನ ಅಳ್ತಾ ನಿಂತಿರುವಾಗ ಸಿರಿಂಜ್ ಹಿಡಿದು ದುಪ್ಪಟ್ಟು ಕೊಡೋ ಧೈರ್ಯ ಓದಿನಿಂದ ಬರಲ್ಲ, ಅಭ್ಯಾಸದಿಂದ ಬರುತ್ತೆ. ಕೊಟ್ಟಿದ್ದರೆ ಕಾಕಾ ಬದುಕ್ತಿದ್ರು ಅಂತ ನಾನು ಹೇಳಲ್ಲ. ಅವರಿಗೆ ಆ ಅವಕಾಶವೇ ಸಿಗಲಿಲ್ಲ ಅಂತ ಮಾತ್ರ ಹೇಳಬಲ್ಲೆ.

ಅಮೆರಿಕದ ಸಿನ್ಸಿನಾಟಿಯಲ್ಲಿ ಈ ರೆಸಿಡೆನ್ಸಿ ಶುರುವಾಗಿದ್ದು 1970ರಲ್ಲಿ. ನಮ್ಮ ವೈದ್ಯಕೀಯ ಮಂಡಳಿ ಇದನ್ನ ಪ್ರತ್ಯೇಕ ವಿಭಾಗ ಅಂತ ಒಪ್ಪಿದ್ದು 2009ರಲ್ಲಿ. ಅದಕ್ಕೂ ಮೊದಲೇ, 2008ರ ನವೆಂಬರ್ 1ರಂದು, ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡೋಕೆ ಶುರುವಾಗಿತ್ತು. ಆಂಬುಲೆನ್ಸ್ ಬಂತು, ಸಂತೋಷ. ಆದರೆ ಅದು ರೋಗಿಯನ್ನ ಯಾರ ಕೈಗೆ ಒಪ್ಪಿಸಬೇಕು? 2020ರ ನಿಯಮ ವೈದ್ಯಕೀಯ ಕಾಲೇಜುಗಳಲ್ಲಿ ಎಮರ್ಜೆನ್ಸಿ ಮೆಡಿಸಿನ್ ವಿಭಾಗ ಕಡ್ಡಾಯ ಅಂದಿತ್ತು. 2023ರಲ್ಲಿ ಎಂಬಿಬಿಎಸ್ ಕಾಲೇಜುಗಳಿಗೆ ಬಂದ ಹೊಸ ನಿಯಮದಲ್ಲಿ ಆ ಹೆಸರನ್ನೇ ಕಡ್ಡಾಯ ಪಟ್ಟಿಯಿಂದ ಕೈಬಿಟ್ಟರು. ಯಾಕ್ರೀ? ಕಾಲೇಜಲ್ಲಿ ವಿಭಾಗವೇ ಇಲ್ಲದಿದ್ರೆ, ನಾಳೆ ಹಳ್ಳಿಗೆ ಬರೋ ಎಂಬಿಬಿಎಸ್ ಹುಡುಗ, ಹುಡುಗಿ ಇದನ್ನ ಎಲ್ಲಿ ನೋಡಿ ಕಲೀಬೇಕು?

ಒಂದು ದಾರಿ ನಿಯಮದಲ್ಲೇ ಇದೆ. ಪಿಜಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಲೇಬೇಕು. ತುರ್ತು ಚಿಕಿತ್ಸೆ ಕಲೀತಿರೋ ರೆಸಿಡೆಂಟ್‌ಗಳನ್ನ ಕುಂದಗೋಳ, ನವಲಗುಂದ, ಕಲಘಟಗಿಯಂಥ ತಾಲೂಕು ಆಸ್ಪತ್ರೆಗಳಿಗೂ ಸರದಿ ಮೇಲೆ ಕಳಿಸಿ. ಅಲ್ಲಿರೋ ಡಾಕ್ಟರ್‌ಗಳು, ನರ್ಸ್‌ಗಳು ಅವರ ಕೈ ನೋಡಿ ಕಲೀತಾರೆ. ಎಣ್ಣೆ ಕುಡಿದವರು, ಹಾವು ಕಚ್ಚಿದವರು, ಟ್ರ್ಯಾಕ್ಟರ್ ಮಗುಚಿ ಬಿದ್ದವರು ಮೊದಲು ಬಂದು ತಲುಪೋದು ಅಲ್ಲಿಗೇ. ರೆಸಿಡೆಂಟ್‌ಗಳಿಗೂ ಕಲಿಯೋಕೆ ಇದಕ್ಕಿಂತ ಬೇಕೇ? ಆದರೆ ಒಂದು ಮಾತು. ಹಿರಿಯರ ನಿಗಾ ಇಲ್ಲದೆ ಅವರನ್ನ ಖಾಲಿ ಹುದ್ದೆ ತುಂಬೋಕೆ ಕಳಿಸಬೇಡಿ.

ರೈತರ ಮನೆಯವರಿಗೆ ಎರಡು ಮಾತು. ಎಣ್ಣೆ ಹೊಡೆಯುವಾಗ ಯಾರಾದ್ರೂ ಬಿದ್ರೆ ಮೊದಲು ಬಟ್ಟೆ ತೆಗೆದು ಸೋಪಿನ ನೀರಲ್ಲಿ ಮೈ ತೊಳೀರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಎಣ್ಣೆ ಬಾಟ್ಲಿ ಜೊತೆಗೇ ಒಯ್ಯಿರಿ.

ಆ ಡಾಕ್ಟರ್ ಇವತ್ತು ಎಲ್ಲಿದ್ದಾರೋ. ಅವರಿಗೂ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಮುಂದಕ್ಕೆ ಕಳಿಸೋದು ತಪ್ಪಲ್ಲ, ಎಷ್ಟೋ ಸಲ ಅದು ಬೇಕೇ ಬೇಕು. ಕಳಿಸೋದಕ್ಕೆ ಮುಂಚೆ ಏನು ಮಾಡ್ಬೇಕು ಅನ್ನೋದನ್ನ ನಮ್ಮ ಮಕ್ಕಳಿಗೆ ಕಲಿಸಿ ಅಂತ ಕೇಳ್ತಿದ್ದೀನಿ, ಅಷ್ಟೇ.