ತಿರುಗಿಸಿದ್ರಾ, ಸಾರ್?

ಹಳೆಯ ಕಾರಿನ ಇಂಜಿನ್ ಮೊದಲ ಸಲ ಬಿಚ್ಚಿ ಕಟ್ಟಿದ ಅನುಭವ ಹೇಳಿ ಅಂದಿದ್ದಾರೆ ರೇಡಿಯೋದವರು. ಕೊಟ್ಟಿರುವುದು ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ನಾನು ಫ್ಯಾನ್ ಬೆಲ್ಟನ್ನೂ ಬಿಚ್ಚಲಾರೆ, ಇರಲಿ.

ಕಾರು 1965ರ ಫೋಕ್ಸ್‌ವ್ಯಾಗನ್ ಬೀಟಲ್. ಇಂಜಿನ್ ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರ್ ಇಲ್ಲ, ಫ್ಯಾನಿನ ಗಾಳಿಯೇ ಗತಿ. 1192 ಸಿಸಿ, ನಾಲ್ಕು ಸಿಲಿಂಡರ್, ಆಚೆಗೆರಡು ಈಚೆಗೆರಡು ಅಡ್ಡ ಮಲಗಿರುತ್ತವೆ. ಗೇರ್‌ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಬೋಲ್ಟು. ಇದೆಲ್ಲ ನಿಮಗೆ ಗೊತ್ತಿರುವುದೇ.

ನಿಮಗೆ ಗೊತ್ತಿಲ್ಲದವರು ನಮ್ಮ ಮೇಸ್ತ್ರಿ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವರ ಶೆಡ್ಡು. ಜೀವನವೆಲ್ಲ ಕಾರು ರಿಪೇರಿ ಮಾಡಿದವರು, ಓಡಾಟ ಮಾತ್ರ ಸೈಕಲ್ಲಿನಲ್ಲೇ. ನನ್ನ ಕಾರು ಏರಿನಲ್ಲಿ ಏದುಸಿರು ಬಿಡುತ್ತಿದ್ದ ಕಾಲ. ಅವರು ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೂರಿ ಸದ್ದು ಕೇಳಿ, "ಮೂರನೇದು ಸಾರ್, ವಾಲ್ವ್ ಸುಟ್ಟಿದೆ" ಅಂದರು. ಹೆಡ್ ಬಿಚ್ಚಿದರೆ ಹಾಗೇ ಇತ್ತು! ಮಾಟವೇನಲ್ಲ. ಆ ಕಾಲದ ಬೀಟಲ್‌ಗಳಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿಗೆ ಹೋಗುವ ಗಾಳಿಗೇ ಅಡ್ಡ ನಿಂತಿರುತ್ತದೆ. ಪಾಪ, ಅದಕ್ಕೆ ಸಿಗುವುದು ಎಂಜಲು ಗಾಳಿ. ಈ ತಪ್ಪನ್ನು ಜರ್ಮನರು ತಿದ್ದಿದ್ದು 1971ರ ಮಾದರಿಯಲ್ಲಿ. ಜರ್ಮನರನ್ನು ಸುಮ್ಮನೆ ಹೊಗಳಬಾರದು ಅಂತ ನಾನು ಹೇಳುವುದು ಇದಕ್ಕೇ.

ಎಲ್ಲಿದ್ದೆ? ಹಾಂ, ಹೆಡ್ ಬಿಚ್ಚಿದ ಮೇಲೆ ಇಂಜಿನ್ನನ್ನೇ ಪೂರ್ತಿ ಬಿಚ್ಚಿದೆ. ಬೀಟಲ್ಲಿನ ಕ್ರ್ಯಾಂಕ್‌ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದು, ಹಲಸಿನ ಹಣ್ಣಿನ ಹಾಗೆ ಎರಡು ಹೋಳು. ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ, ತೆಳ್ಳಗೆ ಬಳಿದ ಅಂಟು ಅಷ್ಟೆ. ಒಳಗೆ ಕ್ರ್ಯಾಂಕ್ ಗೇರಿನ ಎರಡು ಚುಕ್ಕಿಗಳ ನಡುವೆ ಕ್ಯಾಮ್ ಗೇರಿನ ಒಂದು ಚುಕ್ಕಿ ಕೂರಬೇಕು. ರಂಗೋಲಿಯ ಚುಕ್ಕಿ ತಪ್ಪಿದರೆ ಒರೆಸಬಹುದು. ಇದು ತಪ್ಪಿದರೆ ವಾಲ್ವುಗಳು ಹೊತ್ತಲ್ಲದ ಹೊತ್ತಿನಲ್ಲಿ ಬಾಯಿಬಿಡುತ್ತವೆ.

ಒಂದು ಭಾನುವಾರ ಚುಕ್ಕಿ ಸೇರಿಸಿ, ಅಂಟು ಬಳಿದು, ಕೇಸು ಮುಚ್ಚಿ, ಆರು ದಪ್ಪ ನಟ್ಟುಗಳನ್ನೂ ಬಿಗಿದೆ. ಒಬ್ಬನೇ! ಹೆಂಡತಿಯನ್ನು ಕರೆದು ತೋರಿಸಿದೆ. ಸಂಜೆ ಮೇಸ್ತ್ರಿ ಬಂದರು.

"ತಿರುಗಿಸಿದ್ರಾ, ಸಾರ್?"

"ಏನನ್ನ?"

"ಕ್ರ್ಯಾಂಕು."

ತಿರುಗಿಸಲು ಹೋದೆ. ಅಲ್ಲಾಡಲಿಲ್ಲ.

"ಬಿಚ್ಚಿ," ಅಂದವರೇ ಬೀಡಿ ಹಚ್ಚಿದರು.

ಬೇರಿಂಗು ತನ್ನ ಡೋವೆಲ್ ಪಿನ್ನಿನ ಮೇಲೆ ಕೂತಿರಲಿಲ್ಲ. ನಾನು ಬಿಗಿದ ಭರಕ್ಕೆ ಅದರ ಬೆನ್ನಿಗೆ ಪಿನ್ನಿನ ಗುರುತು ಒತ್ತಿಕೊಂಡಿತ್ತು. ಹೊಸ ಸೆಟ್ ತರಿಸಿದ್ದಾಯಿತು. ಎರಡನೇ ಸಲ ಮೇಸ್ತ್ರಿ ಸ್ಟೂಲ್ ಹಾಕಿ ಕೂತರು, ಉಪಕರಣ ಮುಟ್ಟಲಿಲ್ಲ. ಒಂದು ನಟ್ಟು ಬಿಗಿ, ಕ್ರ್ಯಾಂಕ್ ತಿರುಗಿಸು; ಇನ್ನೊಂದು ಬಿಗಿ, ತಿರುಗಿಸು. ಆರೂ ಸಲ ಅವರ ಕಣ್ಣು ಮುಚ್ಚಿತ್ತು. ಕೊನೆಯ ಸಲ ಮಾತ್ರ ತಾವೇ ಎದ್ದು ಬಂದು ಎರಡು ಬೆರಳಲ್ಲಿ ತಿರುಗಿಸಿದರು. ಎಣ್ಣೆಯಲ್ಲಿ ಜಾರುವ ಆ ಸಣ್ಣ ಸದ್ದು... ಅಯ್ಯೋ, ಗಾಜಿನಾಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ.

ಪಿಸ್ಟನ್, ರಿಂಗು, ಹೆಡ್ಡು, ಒಂದನ್ನೂ ಹೇಳಲೇ ಇಲ್ಲ! ಬೇಗ ಹೇಳಿಬಿಡುತ್ತೇನೆ. ಫ್ಲೈವೀಲಿನ ಹಿಂದೆ ಮೂರು ಶಿಮ್ಮು. ಕ್ರ್ಯಾಂಕಿನ ಹಿಂದೆಮುಂದೆ ಆಟ 0.07ರಿಂದ 0.13 ಮಿಲಿಮೀಟರ್. ಕಿಡಿಯ ಸರದಿ 1-4-3-2. ಎಣ್ಣೆ ಎರಡೂವರೆ ಲೀಟರ್. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ಗುಗಳಿಲ್ಲದೆ ಸೆಲ್ಫ್ ಹೊಡೆಯಿರಿ, ಎಣ್ಣೆ ಮೇಲೇರಲಿ. ಡ್ಯಾಶಿನ ಆಯಿಲ್ ದೀಪ ಆರುವವರೆಗೆ ದಯವಿಟ್ಟು ಪ್ಲಗ್ ಹಾಕಬೇಡಿ.