ಮಹಾದ್ವಾರದಾಚೆಯ ಓಣಿ

ಪಿಂಕ್ ಫ್ಲಾಯ್ಡ್, ಜೆನೆಸಿಸ್ ಮೊದಲಾದ ಲೋಕವಿಖ್ಯಾತ ವೃಂದಗಳ ಮೂಲಕ ಪ್ರೊಗ್ರೆಸಿವ್ ರಾಕ್ ಸಂಗೀತದ ಮಹಾದ್ವಾರವನ್ನು ಪ್ರವೇಶಿಸಿದ ತರುಣನು, ಅಲ್ಲಿಯೇ ನಿಂತುಬಿಡದೆ ಒಳಗಣ ಓಣಿಗಳತ್ತಲೂ ಕಿವಿಗೊಟ್ಟನಾದರೆ, ಜೆಂಟಲ್ ಜೈಂಟ್ ಎಂಬ ಆಂಗ್ಲ ವೃಂದವು ಅವನಿಗೆ ಎಂದಾದರೊಮ್ಮೆ ಎದುರಾಗದೆ ಇರದು. 1970ರಲ್ಲಿ ಇದನ್ನು ಕಟ್ಟಿದ ಶುಲ್ಮನ್ ಸಹೋದರರು ಮೂವರೂ, ಅದಕ್ಕೆ ಮುನ್ನ ಬೇರೊಂದು ಹೆಸರಿನಲ್ಲಿ ಜನಪ್ರಿಯ ಗೀತೆಗಳನ್ನು ಹಾಡಿ ಯಶಸ್ಸನ್ನು ಕಂಡವರೇ. ಆದರೂ ಆ ಸುಲಭಮಾರ್ಗವನ್ನು ತೊರೆದು, ಜನಾದರವು ತಪ್ಪಿದರೂ ಸರಿಯೆ, ಸಂಗೀತದ ಎಲ್ಲೆಯನ್ನು ಹಿಗ್ಗಿಸುವೆವೆಂದು 1971ರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆಯೇ ಸಾರಿದರು. ಮಾತಿಗೆ ತಪ್ಪಲಿಲ್ಲ, ಜನಾದರವೂ, ಪಾಪ, ಅವರ ಮಾತನ್ನು ಮನ್ನಿಸಿ ದೂರವೇ ಉಳಿಯಿತು.

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತರಚನೆಯನ್ನು ವ್ಯಾಸಂಗ ಮಾಡಿದ್ದ ಕೆರಿ ಮಿನಿಯರ್ ಈ ವೃಂದದಲ್ಲಿದ್ದುದರಿಂದ, 1972ರ ‘ಆಕ್ಟೋಪಸ್’ ಧ್ವನಿಮುದ್ರಿಕೆಯ ‘ನಾಟ್ಸ್’ ಎಂಬ ಗೀತೆಯಲ್ಲಿ ಪ್ರಾಚೀನ ಮ್ಯಾಡ್ರಿಗಲ್ ಗಾಯನದ ರೀತಿಯಲ್ಲಿ ಹಲವು ಕಂಠಗಳು, ಒಂದರ ಮಾತನ್ನು ಇನ್ನೊಂದು ತುಂಡರಿಸುತ್ತ, ತಮ್ಮ ತಮ್ಮ ಸ್ವರಮಾರ್ಗದಲ್ಲಿಯೇ ಏಕಕಾಲಕ್ಕೆ ಸಂಚರಿಸುವುವು. ಒಂದೇ ರಾಗಧಾರೆಯನ್ನು ಹಿಂಬಾಲಿಸುವ ಅಭ್ಯಾಸವುಳ್ಳ ನಮ್ಮ ಕಿವಿಗೆ ಇದು ಮೊದಲು ಕೇವಲ ಗೊಂದಲವೆನಿಸೀತು. ಆಗ ಯಾವುದಾದರೊಂದು ಕಂಠವನ್ನಷ್ಟೇ ಹಿಡಿದು ಕೇಳತಕ್ಕದ್ದು, ಮರುಸಲ ಮತ್ತೊಂದನ್ನು. ವಾದ್ಯಗಳ ವಿಚಾರವೂ ಅಂತೆಯೇ: ಪಿಟೀಲು, ಚೆಲೊ, ರೆಕಾರ್ಡರ್ ಕೊಳಲು, ಇವು ವಾದಕರ ಕೈಯಿಂದ ಕೈಗೆ ಸಾಗುವುವು. 1980ರಲ್ಲಿ ವೃಂದವು ವಿಸರ್ಜಿತವಾಯಿತು. ಕಡೆಯ ವರ್ಷಗಳ ಸರಳೀಕೃತ ಗೀತೆಗಳನ್ನು ಕೇಳದಿದ್ದರೂ ನಷ್ಟವೇನಿಲ್ಲವೆಂಬುದು ನನ್ನ ಅಭಿಮತ.